ದೂರದ ಬೇಟೆಗೆ ಯಾವ ರೈಫಲ್ ಅಂತ ಕೇಳುವ ನಮ್ಮ ಕಡೆ ಹುಡುಗರಿಗೆ

ಸಂಡೂರು, ಗಂಗಾವತಿ, ಸಿಂಧನೂರು ಕಡೆಯಿಂದ ಹೋಗಿ ಡೆನ್ವರ್, ಡಲ್ಲಾಸ್‌ನಲ್ಲಿ ನೆಲೆಸಿದ ಹುಡುಗರ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: “ಅಣ್ಣಾ, ಎಲ್ಕ್ ಬೇಟೆಗೆ ದೂರದಿಂದ ಹೊಡಿಯಾಕ ಯಾವ ಕ್ಯಾಲಿಬರ್ ಬೆಸ್ಟು?” (ಎಲ್ಕ್ ಅಂದರೆ ಅಮೆರಿಕದ ದೊಡ್ಡ ಜಿಂಕೆ, ಕ್ಯಾಲಿಬರ್ ಅಂದರೆ ನಳಿಗೆಯ, ಗುಂಡಿನ ಅಳತೆ.) ಯೂಟ್ಯೂಬ್‌ನಲ್ಲಿ ಯಾರೋ ಸಾವಿರ ಗಜಕ್ಕೆ ಹೊಡೆದು ಕೆಡವಿದ್ದನ್ನು ನೋಡಿರುತ್ತಾರೆ. ಅರ್ಧ ಮಂದಿ ಅಷ್ಟರಲ್ಲಿ ಹೆಚ್ಚು ಮದ್ದಿನ ಕಾಡತೂಸಾದ .300 ವಿನ್‌ಚೆಸ್ಟರ್ ಮ್ಯಾಗ್ನಮ್‌ಗೆ ಮನಸ್ಸು ಕೊಟ್ಟಾಗಿರುತ್ತದೆ.

ಊರಲ್ಲೇ ಇದ್ದು ಓದುತ್ತಿರುವವರಿಗೆ ಮೊದಲೇ ಒಂದು ಮಾತು. ಇದು ಇಲ್ಲಿಯ ವಿಷಯ ಅಲ್ಲ. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ನಮ್ಮಲ್ಲಿ ಶೋಕಿಯ ಬೇಟೆ ಮುಗಿದ ಕಥೆ. ಎರೆ ಹೊಲದ ಕೃಷ್ಣಮೃಗ ಒಂದನೇ ಅನುಸೂಚಿಯ ರಕ್ಷಿತ ಪ್ರಾಣಿ, ಅಜ್ಜನ ಕಾಲದ .315 ರೈಫಲ್ ಲೈಸೆನ್ಸ್ ಇದ್ದರೂ ಅದರತ್ತ ನಳಿಗೆ ತಿರುಗಿಸುವಂತಿಲ್ಲ. ಕೆಳಗಿನದೆಲ್ಲ ಲೈಸೆನ್ಸ್, ಟ್ಯಾಗ್ (ಒಂದು ಪ್ರಾಣಿಗೆ ಕೊಡುವ ಪರವಾನಗಿ ಚೀಟಿ) ತೆಗೆದುಕೊಂಡು ಕಾನೂನುಬದ್ಧವಾಗಿ ಬೇಟೆ ಆಡಬಹುದಾದ ನಾಡಿನವರಿಗೆ.

ಅಂಗಡಿಗೆ ಹೋಗಿ ಕ್ಯಾಲಿಬರ್ ಆರಿಸಿ, ಆಮೇಲೆ ಅದರಿಂದ ಎಷ್ಟು ದೂರ ಹೊಡೆಯಬಹುದು ಅಂತ ಲೆಕ್ಕ ಹಾಕುವುದು ತಿರುಗುಮುರುಗು ಕೆಲಸ. ಮೊದಲು ದೂರ ಗೊತ್ತು ಮಾಡಿಕೊಳ್ಳಿ. ಶೂಟಿಂಗ್ ರೇಂಜಿನ ಬೆಂಚಿನ ಮೇಲಿಂದ ಬೇಡ. ಗುಡ್ಡ ಏರಿ ಎದೆ ಹೊಡೆದುಕೊಳ್ಳುವಾಗ, ಬ್ಯಾಗಿನ ಮೇಲೆ ರೈಫಲ್ ಇಟ್ಟು, ಹತ್ತಕ್ಕೆ ಒಂಬತ್ತು ಗುಂಡನ್ನು ಹತ್ತು ಇಂಚಿನ ತಟ್ಟೆಗೆ ಎಷ್ಟು ದೂರದಿಂದ ಹಾಕುತ್ತೀರಿ? ಬಹಳ ಜನಕ್ಕೆ ಅದು 300 ಗಜ. ಚೆನ್ನಾಗಿ ಅಭ್ಯಾಸ ಮಾಡಿದವರಿಗೆ 400, 500. ಅದಕ್ಕೂ ಆಚೆಯದನ್ನು ನಾನು ಬೇಟೆ ಅನ್ನುವುದಿಲ್ಲ.

ಯಾಕೆ ಅನ್ನುವುದಕ್ಕೆ ಕಾಡತೂಸುಗಳಲ್ಲಿ ಒಂದಾದ 6.5 ಕ್ರೀಡ್‌ಮೂರ್ ಲೆಕ್ಕ ನೋಡಿ. ಅದರ 143 ಗ್ರೇನ್ (ಸುಮಾರು 9 ಗ್ರಾಂ) ಗುಂಡು ನಳಿಗೆಯಿಂದ ಸೆಕೆಂಡಿಗೆ 2,700 ಅಡಿ ವೇಗದಲ್ಲಿ ಹೊರಡುತ್ತದೆ. 200 ಗಜಕ್ಕೆ ಜೀರೋ ಮಾಡಿದ್ದರೆ, ಅಂದರೆ ಆ ದೂರದಲ್ಲಿ ಗುರಿ ಇಟ್ಟಲ್ಲೇ ಬೀಳುವಂತೆ ಸ್ಕೋಪ್ ಹೊಂದಿಸಿದ್ದರೆ, 500 ಗಜದಲ್ಲಿ ಸುಮಾರು 45 ಇಂಚು ಕೆಳಗಿಳಿದಿರುತ್ತದೆ. ಇಳಿಯುವುದು ದೊಡ್ಡ ಸಮಸ್ಯೆ ಅಲ್ಲ, ಸ್ಕೋಪಿನ ಮೇಲಿನ ಗುಂಡಿ (ಟರೆಟ್) ತಿರುಗಿಸಿದರೆ ಸರಿಹೋಯಿತು. ಆದರೆ ದೂರ ಅಳೆಯುವಾಗ 25 ಗಜ ತಪ್ಪಿದರೂ ಅಲ್ಲಿ ನಾಲ್ಕೈದು ಇಂಚು ವ್ಯತ್ಯಾಸ. ರೇಂಜ್‌ಫೈಂಡರ್ ಪ್ರಾಣಿಯನ್ನು ಬಿಟ್ಟು ಹಿಂದಿನ ಪೊದೆಯನ್ನು ಓದುವುದು ಸಾಮಾನ್ಯ, ಆದ್ದರಿಂದ ಮೂರು ಸಲ ಅಳೆಯಬೇಕು.

ನಿಜವಾಗಿ ಕೈಕೊಡುವುದು ಗಾಳಿ. ಜಾಲಿ ಮರದ ಎಲೆ, ಸಣ್ಣ ರೆಂಬೆ ಬಿಡದೆ ಅಲುಗುವಷ್ಟು ಗಾಳಿ ಅಂದರೆ ಗಂಟೆಗೆ ಸುಮಾರು 10 ಮೈಲಿ. ಅಡ್ಡ ಬೀಸಿದರೆ ಅದೇ ಗುಂಡನ್ನು 500 ಗಜದಲ್ಲಿ 15 ಇಂಚಿನಷ್ಟು ತಳ್ಳುತ್ತದೆ. ಹತ್ತು ಅಂದುಕೊಂಡದ್ದು ನಿಜಕ್ಕೂ ಹದಿನಾಲ್ಕು ಇದ್ದರೆ ಗುಂಡು ಶ್ವಾಸಕೋಶ ಬಿಟ್ಟು ಹೊಟ್ಟೆಗೆ ಹೋಗಬಹುದು. ಆಷಾಢದಲ್ಲಿ ನಮ್ಮ ಹೊಲದ ಬದುವಿನ ಮೇಲೆ ನಿಂತವರಿಗೆ ಗೊತ್ತು, ಗುಡ್ಡದ ಮೇಲಿನ ಗಾಳಿಯಂತ್ರದ ಫ್ಯಾನು ಗಿರ್ರನೆ ತಿರುಗುತ್ತಿದ್ದರೂ ಕೆಳಗೆ ಹೊಲದ ಪೈರು ಸುಮ್ಮನಿರುತ್ತದೆ. ಕಣಿವೆಯಾಚೆ ಹೊಡೆಯುವಾಗ ಅದೇ ಪಾಡು, ನೀವು ಕೂತಲ್ಲಿ ಒಂದು ಗಾಳಿ, ನಡುವೆ ಇನ್ನೊಂದು. ಸಾಲದ್ದಕ್ಕೆ 500 ಗಜ ಮುಟ್ಟಲು ಗುಂಡಿಗೆ 0.6 ಸೆಕೆಂಡಿಗೂ ಹೆಚ್ಚು ಬೇಕು. ಅಷ್ಟರಲ್ಲಿ ಮೇಯುತ್ತಿದ್ದ ಪ್ರಾಣಿ ಒಂದು ಹೆಜ್ಜೆ ಇಟ್ಟರೆ ಎರಡಡಿ ಆಚೆ. ಯಾವ ಮ್ಯಾಗ್ನಮ್ಮೂ ಇದನ್ನು ತಪ್ಪಿಸಲಾರದು.

ಇನ್ನು ಕ್ಯಾಲಿಬರ್. ಇಲ್ಲಿ ನೋಡಬೇಕಾದದ್ದು ಗುಂಡು ಪ್ರಾಣಿಗೆ ತಗಲುವಾಗಿನ ವೇಗ. ಸೀಸ ತುಂಬಿದ ಹೆಚ್ಚಿನ ಬೇಟೆ ಗುಂಡುಗಳು ಸೆಕೆಂಡಿಗೆ 1,800 ಅಡಿಗಿಂತ ಕೆಳಗೆ ಸರಿಯಾಗಿ ಅರಳುವುದಿಲ್ಲ, ಪೆನ್ಸಿಲ್ ತೂರಿದ ಹಾಗೆ ಸಣ್ಣ ತೂತು ಮಾಡಿ ಹೊರಬೀಳುತ್ತವೆ. ಪೂರ್ತಿ ತಾಮ್ರದ ಗುಂಡಿಗೆ 2,000 ಇಟ್ಟುಕೊಳ್ಳುವುದು ಕ್ಷೇಮ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡು ನಿಷೇಧ, ಅಲ್ಲಿಯವರಿಗೆ ಈ ಎರಡನೇ ಅಂಕಿಯೇ ಲೆಕ್ಕ. .308ರ 178 ಗ್ರೇನ್ ಗುಂಡು 550 ಗಜದ ಆಸುಪಾಸಿನಲ್ಲಿ 1,800ಕ್ಕೆ ಇಳಿಯುತ್ತದೆ, ಕ್ರೀಡ್‌ಮೂರ್ 700ರ ಹತ್ತಿರ. ಎಲ್ಕ್‌ಗೆ 1,500 ಅಡಿ-ಪೌಂಡ್ ಶಕ್ತಿ ಬೇಕು ಅನ್ನುವ ಹಳಬರ ಲೆಕ್ಕವನ್ನು ಒಪ್ಪಿದರೆ ಕ್ರೀಡ್‌ಮೂರ್ 400 ಗಜಕ್ಕೇ ನಿಲ್ಲುತ್ತದೆ. ಅದು ಕಾನೂನಲ್ಲ, ರೂಢಿ. ಕೊಲೊರಾಡೊ ಕಾನೂನು ಎಲ್ಕ್‌ಗೆ ಕೇಳುವುದು ಕನಿಷ್ಠ .24 ಕ್ಯಾಲಿಬರ್, 85 ಗ್ರೇನ್ ಗುಂಡು, 100 ಗಜದಲ್ಲಿ 1,000 ಅಡಿ-ಪೌಂಡ್. ಆದರೂ 300 ಕಿಲೋ ದಾಟುವ ಪ್ರಾಣಿಗೆ ನಾನು ರೂಢಿಯ ಕಡೆಯೇ.

ನನ್ನ ಆಯ್ಕೆ ಕೇಳಿದರೆ: ಜಿಂಕೆ, ಅಲ್ಲಿಯ ಹುಲ್ಲೆಯಂಥ ಪ್ರಾಂಗ್‌ಹಾರ್ನ್‌ಗೆ 6.5 ಕ್ರೀಡ್‌ಮೂರ್ ಕಣ್ಮುಚ್ಚಿ ತಗೊಳ್ಳಿ. ಎಲ್ಕ್ ಕೂಡ ಬೇಕಾದರೆ 1906ರ .30-06 ಇವತ್ತಿಗೂ ಬೆಪ್ಪನಲ್ಲ. 500ರವರೆಗೆ ಹೋಗಲೇಬೇಕು ಅನ್ನುವವರಿಗೆ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್ ಅಥವಾ 7 ಎಂಎಂ ಪಿಆರ್‌ಸಿ. ಹಳೆಯ ರೆಮಿಂಗ್ಟನ್ ಮ್ಯಾಗ್ನಮ್ ನಳಿಗೆಗಳ ಒಳಗಿನ, ಗುಂಡನ್ನು ತಿರುಗಿಸುವ ಗೆರೆಗಳ ತಿರುವು ಸಾಮಾನ್ಯವಾಗಿ 9.5 ಇಂಚಿಗೊಂದು ಸುತ್ತು, ಉದ್ದನೆಯ ಭಾರದ ಗುಂಡು ಅದರಲ್ಲಿ ಸ್ಥಿರವಾಗಿ ತಿರುಗದಿರಬಹುದು. ಪಿಆರ್‌ಸಿಗೆ 8 ಇಂಚು, ಆ ತಲೆನೋವಿಲ್ಲ. .300 ಮ್ಯಾಗ್ನಮ್ ಕೆಟ್ಟದ್ದೇನಲ್ಲ, ಆದರೆ ಒಂದೇ ತೂಕದ ರೈಫಲ್‌ನಲ್ಲಿ ಅದರ ಒದೆತ ಕ್ರೀಡ್‌ಮೂರ್‌ನ ಎರಡರಷ್ಟು. ಇಪ್ಪತ್ತು ಗುಂಡು ಹಾರಿಸುವಷ್ಟರಲ್ಲಿ ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚುವ ಚಾಳಿ ಶುರುವಾಗುತ್ತದೆ, ಒಮ್ಮೆ ಹತ್ತಿದ ಆ ಚಾಳಿ ಬೇಗ ಬಿಡುವುದಿಲ್ಲ. ನಳಿಗೆಯ ತುದಿಗೆ ಮಜಲ್ ಬ್ರೇಕ್ ಹಾಕಿದರೆ ಒದೆತ ಕಮ್ಮಿ, ಪಕ್ಕದಲ್ಲಿರುವವನ ಕಿವಿಗೆ ಶನಿ.

ರೈಫಲ್ ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯುವ, ಬೋಲ್ಟ್ ಆ್ಯಕ್ಷನ್ ಇರಲಿ, ಸ್ಕೋಪ್ ಸಮೇತ ನಾಲ್ಕು ಕಿಲೋ ಆಸುಪಾಸು. ಆರು ಪೌಂಡಿನ ಹಗುರ ರೈಫಲ್ ಹೊರಲು ಸುಖ, ಗುರಿ ಹಿಡಿಯಲು ಕಷ್ಟ. ಟ್ರಿಗರ್ ಒತ್ತಲು ಬೇಕಾದ ಬಲ ಎರಡೂವರೆಯಿಂದ ಮೂರು ಪೌಂಡ್. ದುಡ್ಡು ಉಳಿದರೆ ಸ್ಕೋಪಿಗೆ ಹಾಕಿ: ಪ್ಯಾರಲ್ಯಾಕ್ಸ್ (ಕಣ್ಣು ಸರಿದರೆ ಗುರಿ ಸರಿದಂತೆ ಕಾಣುವುದು) ಹೊಂದಿಸುವ ಗುಂಡಿ, ಝೀರೋ ಸ್ಟಾಪ್ (ತಿರುಗಿಸಿದ್ದನ್ನು ಮತ್ತೆ ಜೀರೋಗೆ ತಂದು ನಿಲ್ಲಿಸುವ ತಡೆ) ಇರುವ ಟರೆಟ್, 15 ಪಟ್ಟಿನವರೆಗಿನ ವರ್ಧನೆ ಧಾರಾಳ. ಸ್ಕೋಪ್ ಹಿಡಿದಿಡುವ ರಿಂಗಿನ ಸ್ಕ್ರೂಗಳನ್ನು ಕೈಯಂದಾಜಿನಲ್ಲಿ ಬಿಗಿಯಬೇಡಿ. ಟಾರ್ಕ್ ವ್ರೆಂಚ್‌ನಿಂದ ತಯಾರಕರು ಹೇಳಿದಷ್ಟೇ, ಸಾಮಾನ್ಯವಾಗಿ 15ರಿಂದ 18 ಇಂಚು-ಪೌಂಡ್. ಹೆಚ್ಚಾದರೆ ಟ್ಯೂಬ್ ಹಿಸುಕುತ್ತದೆ, ಕಮ್ಮಿಯಾದರೆ ಪ್ರತಿ ಗುಂಡಿಗೂ ಸ್ಕೋಪ್ ಜಾರುತ್ತದೆ. ಸ್ಕೋಪಿನ ಮೇಲೆ ಪುಟ್ಟ ರಸಮಟ್ಟ ಕೂರಿಸಿ. ರೈಫಲ್ ಮೂರು ಡಿಗ್ರಿ ವಾಲಿದರೂ 500 ಗಜದಲ್ಲಿ ನಾಲ್ಕು ಇಂಚಿನಷ್ಟು ಪಕ್ಕಕ್ಕೆ ಹೋಗುತ್ತದೆ.

ವೀಸಾ ವಿಷಯ ಬಹಳ ಜನ ಮರೆಯುತ್ತಾರೆ. ಎಚ್-1ಬಿ, ಎಫ್-1 ಮೇಲಿರುವವರು ಅಮೆರಿಕದ ಒಕ್ಕೂಟ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಬಂದೂಕು ಮುಟ್ಟುವಂತಿಲ್ಲ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಒಂದು ವಿನಾಯಿತಿ. ಅವಧಿ ಮುಗಿದ ಲೈಸೆನ್ಸ್ ಇಟ್ಟುಕೊಂಡು ಮನೆಯಲ್ಲಿ ರೈಫಲ್ ಇಟ್ಟರೆ ಕೇಸು ಬೀಳಬಹುದು, ಖರೀದಿಗೂ ಮುಂಚೆ ವಕೀಲರನ್ನು ಕೇಳಿ.

ಕೊನೆಗೆ ಕಾಡತೂಸು. ಒಂದೇ ಲಾಟ್ ನಂಬರಿನ (ಒಂದೇ ಸಲ ತಯಾರಾದ) 200 ಒಟ್ಟಿಗೆ ತಗೊಳ್ಳಿ, ಲಾಟ್ ಬದಲಾದರೆ ವೇಗ ಬದಲಾಗುತ್ತದೆ. ರಾಯಚೂರಿನ ಮೇ ತಿಂಗಳಂಥ ಟೆಕ್ಸಸ್ ಆಗಸ್ಟಿನಲ್ಲಿ ಜೀರೋ ಮಾಡಿ ನವೆಂಬರಿನಲ್ಲಿ ಕೊಲೊರಾಡೊ ಹಿಮಕ್ಕೆ ಹೋದರೆ ತಣ್ಣಗಾದ ಮದ್ದು ಗುಂಡನ್ನು ನಿಧಾನ ಮಾಡುತ್ತದೆ, ಎತ್ತರದ ತೆಳು ಗಾಳಿ ಅದನ್ನು ಕಡಿಮೆ ತಡೆಯುತ್ತದೆ. ಎರಡೂ ಸರಿಗಟ್ಟಿಕೊಳ್ಳುತ್ತವೆ ಅಂತ ನಂಬಬೇಡಿ. ಕ್ಯಾಂಪ್ ಮುಟ್ಟಿದ ದಿನವೇ ಬೆಳಿಗ್ಗೆ ತಣ್ಣನೆ ನಳಿಗೆಯಿಂದ ಮೂರು ಗುಂಡು ಹಾರಿಸಿ ಜೀರೋ ನೋಡಿ. ಆ ಮೂರರಲ್ಲಿ ಮೊದಲನೆಯದು ಎಲ್ಲಿ ಬಿತ್ತು ಅಂತ ಬರೆದಿಟ್ಟುಕೊಳ್ಳಿ, ಪ್ರಾಣಿಗೆ ಹೋಗುವುದು ಅಂಥದ್ದೇ ಗುಂಡು.