ಅರ್ಕಾವತ್ತಿನ ಊರು

ಹೊಸ ಲ್ಯಾಪ್‌ಟಾಪ್ ಬಂದ ದಿನ ನಾನು ಮೊದಲು ಹುಡುಕಿದ್ದು ಸ್ಕ್ರಾಲ್ ಲಾಕ್ ಕೀಲಿಯನ್ನು. ಇರಲಿಲ್ಲ. ನುಡಿ ತಂತ್ರಾಂಶದಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ಹೊರಳಲು ಹದಿನೈದು ವರ್ಷ ಅದನ್ನೇ ಒತ್ತಿದ ಬೆರಳು, ಬಿದ್ದ ಹಲ್ಲಿನ ಜಾಗಕ್ಕೆ ನಾಲಿಗೆ ಹೋದಂತೆ, ಬಲಗಡೆಯ ಮೇಲಿನ ಮೂಲೆಗೆ ಹೋಗಿ ಹೋಗಿ ಬರುತ್ತಿತ್ತು.

ಹಳೆಯದು ಡೆಸ್ಕ್‌ಟಾಪು. ಏಪ್ರಿಲ್ ಬಂದರೆ ಅದರ ಮಗ್ಗುಲಿನ ತಗಡು ಬಿಚ್ಚಿ ಎದುರಿಗೆ ಟೇಬಲ್ ಫ್ಯಾನ್ ಇಡಬೇಕು. ಕಲಬುರಗಿಯ ಬಿಸಿಲು ಮನುಷ್ಯರಿಗೆ ರೂಢಿ, ಯಂತ್ರಕ್ಕೆ ಆಗಲಿಲ್ಲ.

ಅಕ್ಕನ ಮಗ ಪೆನ್‌ಡ್ರೈವ್ ಹಿಡಿದು ಬಂದ. "ಅರ್ಧ ತಾಸಿನ ಕೆಲಸ ಮಾಮಾ" ಅಂದ. ಮೊದಲು ತಂಗಿಯ ಮದುವೆಯ ವಿಡಿಯೊ ಹಾಕಿದರೆ ಪೆನ್‌ಡ್ರೈವ್ ಒಲ್ಲೆ ಅಂತು. ವಿಡಿಯೊ 5 ಜಿಬಿ, ಖಾಲಿ ಜಾಗ 30 ಜಿಬಿ.

"ಜಾಗ ಅದಲ್ಲೋ?"

"ಇದರ ಫಾರ್ಮ್ಯಾಟ್ ಫ್ಯಾಟ್ 32 ಅದ ಮಾಮಾ. 4 ಜಿಬಿಗಿಂತ ದೊಡ್ಡ ಫೈಲ್ ತೊಗೊಳಂಗಿಲ್ಲ."

ಚೀಲ ದೊಡ್ಡದು, ಬಾಯಿ ಸಣ್ಣದು. ಬೇರೆ ನಮೂನೆಗೆ ಫಾರ್ಮ್ಯಾಟ್ ಮಾಡಿ ಮತ್ತೆ ಹಚ್ಚಿದ. ಉಳಿದದ್ದು 12 ನಿಮಿಷ ಎಂದ ಪರದೆ, ಸಣ್ಣ ಸಣ್ಣ ಫೋಟೊಗಳ ಸಾಲು ಬಂದಕೂಡಲೇ 3 ತಾಸು ಅಂತು. ಚಹಾ ಕುಡಿದು ಬಂದರೆ ಮತ್ತೆ 9 ನಿಮಿಷ. ಲಗ್ನದ ಮನೆಯಲ್ಲಿ ಊಟ ಎಷ್ಟೊತ್ತಿಗೆ ಎಂದು ಕೇಳಿದಾಗ ಸಿಗುವ ಉತ್ತರಕ್ಕೂ ಇದಕ್ಕೂ ಹೆಚ್ಚು ಫರಕಿಲ್ಲ.

ಫೈಲುಗಳೇನೋ ಬಂದವು, ಕನ್ನಡ ಬರಲಿಲ್ಲ. ಅಪ್ಪನ ಕಾಗದಗಳನ್ನು ತೆರೆದರೆ ತಲೆಯ ಮೇಲೆ ಗೆರೆ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಹಳೆಯ ನುಡಿ ತಂತ್ರಾಂಶದ ಫಾಂಟುಗಳಲ್ಲಿ ಕನ್ನಡದ ತುಂಡುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗಿದ್ದವು. ಫಾಂಟ್ ಇಲ್ಲದ ಕಡೆ ಮನೆಯ ಮಾಲೀಕರೇ ಬಾಗಿಲಿಗೆ ಬರುತ್ತಾರೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯುನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಮನೆ. ಆದರೆ ಪರಿವರ್ತಕ ತಂತ್ರಾಂಶದಿಂದ ಸಾಮಾನು ಸಾಗಿಸಬೇಕು.

ಸಾಗಿಸಿದೆವು. ಓದುತ್ತ ಹೋದರೆ ಎಲ್ಲ ಸರಿ, ಅರ್ಕಾವತ್ತು ಮಾತ್ರ ಅಲ್ಲಲ್ಲಿ ಮುರಿದಿತ್ತು. ಹಳೆಯ ಫಾಂಟಿನಲ್ಲಿ ಅದು ಕಣ್ಣಿಗೆ ಕಂಡಂತೆ ಅಕ್ಷರದ ಹಿಂದೆ ಕೂತಿರುತ್ತದೆ. ಯುನಿಕೋಡಿನಲ್ಲಿ ಉಚ್ಚಾರದಂತೆ 'ರ' ಮೊದಲು ಬರಬೇಕು. ಸ್ಥಳ ಬದಲಿಸುವಾಗ ಎಡವಿ, 'ಗುಲಬರ್ಗಾ' ಇದ್ದಲ್ಲೆಲ್ಲ ಕೊಕ್ಕೆಯಂಥ ಪರದೇಶಿ ಗುರುತೊಂದು ನೇತಾಡುತ್ತಿತ್ತು. 'ಕಲಬುರಗಿ'ಗೆ ಈ ಕಾಟವಿಲ್ಲ, ಅದರಲ್ಲಿ ಒತ್ತೇ ಇಲ್ಲ.

"ಎಲ್ಲಾ ಕಡೆ ಕಲಬುರಗಿ ಅಂತ ರಿಪ್ಲೇಸ್ ಹೊಡೀತೀನಿ ಮಾಮಾ. ಸರ್ಕಾರನೂ ಅದೇ ಮಾಡ್ಯಾದ."

2014ರ ನವೆಂಬರ್ 1ಕ್ಕೆ ಊರಿನ ಹೆಸರು ಬದಲು ಮಾಡಿದ್ದು ಖರೆ. ಆದರೆ ಈ ಕಾಗದಗಳು 2009ರವು. ಅಪ್ಪ ಹೇಳುತ್ತಿದ್ದ, ನಾನು ಕೀಲಿ ಬಡಿಯುತ್ತಿದ್ದೆ. ಬಾಯಲ್ಲಿ ಯಾವತ್ತೂ ಕಲಬುರಗಿ ಎನ್ನುವವನು ಕಾಗದಕ್ಕೆ ಬಂದರೆ ದನಿ ಬದಲಿಸಿ, "ಗುಲಬರ್ಗಾ ಅಂತ ಬರಿಯೋ, ಆಫೀಸಿನವರಿಗೆ ತಿಳೀಬೇಕು" ಅನ್ನುತ್ತಿದ್ದ. ಆ ದನಿಯನ್ನು ರಿಪ್ಲೇಸ್ ಮಾಡಲು ನನಗೆ ಮನಸ್ಸಾಗಲಿಲ್ಲ.

"ಬ್ಯಾಡ, ನಾನೇ ಒಂದೊಂದು ತಿದ್ದತೀನಿ" ಅಂದೆ. ಹುಡುಗ ನನ್ನ ಮುಖ ನೋಡಿ ಪೆನ್‌ಡ್ರೈವ್ ಅಲ್ಲೇ ಬಿಟ್ಟುಹೋದ.

ದಿನಕ್ಕೊಂದು ಕಾಗದ ತಿದ್ದುತ್ತಿದ್ದೇನೆ. ಅನುಮಾನ ಬಂದಲ್ಲಿ ಮೂಲ ನೋಡಬೇಕಲ್ಲ, ಹಾಗಾಗಿ ಡೆಸ್ಕ್‌ಟಾಪಿನ ತಗಡು ಇನ್ನೂ ಮುಚ್ಚಿಲ್ಲ. ಟೇಬಲ್ ಫ್ಯಾನೂ ಅದರ ಮುಂದೇ ಇದೆ.