ಪುಸ್ತಕ ಕೊಟ್ಟವರ ಹೆಸರು

ಗ್ರಂಥಪಾಲಕಿಯೊಬ್ಬರು ತೀರಿಕೊಂಡಾಗ ಬರೆಯುವ ಶ್ರದ್ಧಾಂಜಲಿಗಳಲ್ಲಿ ಬಹುತೇಕ ತಪ್ಪದೆ ಬರುವ ಪದವೊಂದಿದೆ: ಪುಸ್ತಕಪ್ರೇಮಿ. ಆ ಪದವನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ. ಪುಸ್ತಕವನ್ನು ಪ್ರೀತಿಸುವವರು ಮನೆಯಲ್ಲಿ ಕುಳಿತು ಓದಿಕೊಂಡಿರಬಹುದು, ಅದಕ್ಕೊಂದು ನೌಕರಿ ಬೇಕಿಲ್ಲ. ಪುಸ್ತಕದ ಹೆಸರನ್ನೇ ಮರೆತು ಬಂದವರಿಗೆ ಮುಖಪುಟದ ಬಣ್ಣದ ಗುರುತಿನಿಂದಲೇ ಹುಡುಕಿಕೊಡುವುದು, ಬೆನ್ನು ಕಿತ್ತುಬಂದ ಪ್ರತಿಗೆ ಅಂಟು ಹಚ್ಚಿ ಭಾರ ಹೇರಿಡುವುದು, ವಾಯಿದೆ ಮೀರಿ ತಂದ ಹುಡುಗನ ಮುಖ ನೋಡಿ ದಂಡ ಹಾಕುವುದೋ ಬಿಡುವುದೋ ಎಂದು ಅರೆಗಳಿಗೆ ಯೋಚಿಸುವುದು, ಇದನ್ನೆಲ್ಲ ಮೂವತ್ತು ವರ್ಷ ಬಿಡದೆ ಮಾಡುವುದಕ್ಕೆ ಬೇಕಾದ ಪ್ರೀತಿ ಬೇರೆಯದು. ಅದು ಓದಲು ಬಂದವರ ಮೇಲಿನ ಪ್ರೀತಿ. ಗ್ರಂಥಪಾಲಕಿಯರ ಬದುಕನ್ನು ನೆನೆಯುವಾಗ ನಾವು ಈ ವ್ಯತ್ಯಾಸವನ್ನು ಮರೆಯುತ್ತೇವೆ ಎಂಬುದು ನನ್ನ ದೂರು.

ಓನಾ ಶಿಮೈತೆ ಅವರ ವಿಷಯ ಓದಿದ ಮೇಲೆ ಈ ಮಾತು ನನಗೆ ಇನ್ನಷ್ಟು ಗಟ್ಟಿಯಾಯಿತು. ಅವರು ಲಿಥುವೇನಿಯಾದ ವಿಲ್ನಿಯಸ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದರು. 1941ರಲ್ಲಿ ನಾಜಿಗಳು ಆ ನಗರವನ್ನು ವಶಪಡಿಸಿಕೊಂಡು ಅಲ್ಲಿನ ಯಹೂದಿಗಳನ್ನು ಘೆಟ್ಟೋದಲ್ಲಿ, ಅಂದರೆ ಸುತ್ತಲೂ ಮುಚ್ಚಿದ ಕೇರಿಯಲ್ಲಿ, ಕೂಡಿಹಾಕಿದರು. ಹೊರಗಿನವರು ಮನಬಂದಂತೆ ಅದರೊಳಗೆ ಹೋಗುವಂತಿರಲಿಲ್ಲ. ಶಿಮೈತೆ ಅಧಿಕಾರಿಗಳ ಮುಂದೆ ಇಟ್ಟ ಕಾರಣ ಬಹಳ ಸಾಧಾರಣವಾದದ್ದು: ಯಹೂದಿ ವಿದ್ಯಾರ್ಥಿಗಳು ಎರವಲು ತೆಗೆದುಕೊಂಡು ಹೋದ ಪುಸ್ತಕಗಳು ಬಾಕಿ ಉಳಿದಿವೆ, ಅವನ್ನು ವಸೂಲು ಮಾಡಿ ತರಬೇಕು. ಅನುಮತಿ ಸಿಕ್ಕಿತು.

ಮನುಷ್ಯರನ್ನು ಲೆಕ್ಕಕ್ಕಿಡದ ಆಡಳಿತಕ್ಕೆ ಬಾಕಿ ಪುಸ್ತಕದ ಲೆಕ್ಕ ಮಾತ್ರ ಸಹಜವಾಗಿಯೇ ಅರ್ಥವಾಯಿತು! ಆ ಒಂದು ಅನುಮತಿಯ ಬಲದಿಂದ ಅವರು ಮತ್ತೆ ಮತ್ತೆ ಒಳಗೆ ಹೋಗಿ ಬಂದರು. ಹೋಗುವಾಗ ಆಹಾರ ಇರುತ್ತಿತ್ತು. ಬರುವಾಗ ಒಳಗಿದ್ದವರು ಉಳಿಸಿಕೊಡಿ ಎಂದು ಒಪ್ಪಿಸಿದ ಪತ್ರಗಳು, ಹಸ್ತಪ್ರತಿಗಳು ಇರುತ್ತಿದ್ದವು. ಮಕ್ಕಳನ್ನು ಹೊರಗೆ ಸಾಗಿಸಿ ಬಚ್ಚಿಡುವುದಕ್ಕೂ ಅವರು ನೆರವಾದರು. 1944ರಲ್ಲಿ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೋ ಅವರನ್ನು ಹಿಡಿದು, ಚಿತ್ರಹಿಂಸೆ ಕೊಟ್ಟು, ಡಾಹೌ ಸೆರೆಶಿಬಿರಕ್ಕೆ ಕಳುಹಿಸಿತು. ಬದುಕಿ ಉಳಿದರು. 1966ರಲ್ಲಿ ಇಸ್ರೇಲಿನ ಯಾದ್ ವಶೇಮ್ ಸಂಸ್ಥೆ ಯಹೂದಿಗಳ ಜೀವ ಉಳಿಸಿದವರ ಸಾಲಿನಲ್ಲಿ ಅವರ ಹೆಸರನ್ನು ಸೇರಿಸಿತು. 1970ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡರು. ಇಂಥವರನ್ನು ಪುಸ್ತಕಪ್ರೇಮಿ ಎಂದು ಕರೆದು ಮುಗಿಸಿಬಿಡುವುದೇ? ವಸೂಲು ಮಾಡಬೇಕಾದ ಪುಸ್ತಕಗಳಲ್ಲಿ ಎಷ್ಟು ವಾಪಸು ಬಂದವೋ, ಅದನ್ನು ತಿಳಿಯುವ ಆಸೆಯೂ ನನಗಿಲ್ಲ.

ಪುಸ್ತಕಗಳನ್ನೇ ಉಳಿಸಿದವರೂ ಇದ್ದಾರೆ. 2003ರಲ್ಲಿ ಇರಾಕಿನ ಮೇಲೆ ಯುದ್ಧ ಬಂದಾಗ ಬಸ್ರಾ ನಗರದ ಕೇಂದ್ರ ಗ್ರಂಥಾಲಯದ ಮುಖ್ಯಸ್ಥೆಯಾಗಿದ್ದ ಆಲಿಯಾ ಮುಹಮ್ಮದ್ ಬಾಕರ್, ಪುಸ್ತಕಗಳನ್ನು ಬೇರೆಡೆಗೆ ಸಾಗಿಸಲು ಅನುಮತಿ ಕೇಳಿದರು. ಸಿಗಲಿಲ್ಲ. ಆಗ ತಮ್ಮ ಕಾರಿನಲ್ಲೇ ದಿನಕ್ಕಿಷ್ಟು ಎಂದು ಮನೆಗೆ ಒಯ್ಯತೊಡಗಿದರು. ಬಾಂಬುಗಳು ಬೀಳತೊಡಗಿದ ಮೇಲೆ ಪಕ್ಕದ ಹೋಟೆಲಿನವರನ್ನು ಕರೆದರು. ನಡುವಿನ ಗೋಡೆಯ ಮೇಲಿನಿಂದ ಕೈಯಿಂದ ಕೈಗೆ ಪುಸ್ತಕಗಳು ದಾಟಿದವು. ಹೊತ್ತವರಲ್ಲಿ ಓದಲು ಬಾರದವರೂ ಇದ್ದರು. ಸುಮಾರು 30,000 ಪುಸ್ತಕಗಳು, ಅಂದರೆ ಸಂಗ್ರಹದ ಶೇಕಡ 70ರಷ್ಟು, ಗ್ರಂಥಾಲಯ ಸುಟ್ಟುಹೋಗುವ ಮೊದಲು ಹೊರಗೆ ಬಂದಿದ್ದವು. ಈ ಕಥೆಯನ್ನು ಹೇಳುವವರೆಲ್ಲ 30,000 ಎಂಬ ಸಂಖ್ಯೆಯಲ್ಲಿ ನಿಲ್ಲುತ್ತಾರೆ. ನನ್ನ ಮನಸ್ಸು ಆ ಗೋಡೆಯ ಬಳಿ ನಿಲ್ಲುತ್ತದೆ. ಊರಿಗೇ ಬೆಂಕಿ ಬಿದ್ದ ಹೊತ್ತಿನಲ್ಲಿ ತಮ್ಮ ಮನೆಮಠ ನೋಡಿಕೊಳ್ಳುವುದನ್ನು ಬಿಟ್ಟು ಜನ ಪುಸ್ತಕ ಹೊರಲು ಬಂದರು ಎಂದರೆ, ಕರೆದವರ ಮೇಲೆ ಅವರಿಗೆ ಎಂಥ ವಿಶ್ವಾಸ ಇದ್ದಿರಬೇಕು! ಆಲಿಯಾ ಅಲ್ಲಿ ಕೆಲಸ ಮಾಡುತ್ತ ಆಗಲೇ 14 ವರ್ಷಗಳಾಗಿದ್ದವು. ಆ ವಿಶ್ವಾಸ ಒಂದು ದಿನದಲ್ಲಿ ಹುಟ್ಟಿದ್ದಲ್ಲ.

ಇನ್ನು ಸಂಬಳದ ಮಾತು. ಇದನ್ನು ಎತ್ತದೆ ಇವರನ್ನು ಹೊಗಳುವುದು ನನಗೆ ಅಪ್ರಾಮಾಣಿಕವೆನಿಸುತ್ತದೆ. ಮೆಲ್ವಿಲ್ ಡ್ಯೂಯಿ ಹೆಸರು ಯಾರಿಗೆ ಗೊತ್ತಿಲ್ಲ? ಗ್ರಂಥಾಲಯದಲ್ಲಿ ಪುಸ್ತಕಗಳನ್ನು ವಿಷಯವಾರು ಜೋಡಿಸಲು ಬೆನ್ನಿನ ಮೇಲೆ ಅಂಟಿಸುವ ಸಂಖ್ಯೆಗಳಿಗೆ ಅವರ ಹೆಸರೇ ಇದೆ. 1887ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ಅವರು ಗ್ರಂಥಪಾಲಕರ ತರಬೇತಿ ಶಾಲೆ ತೆರೆದಾಗ ಮೊದಲ ತರಗತಿಯ 20 ವಿದ್ಯಾರ್ಥಿಗಳಲ್ಲಿ 17 ಮಂದಿ ಮಹಿಳೆಯರು. ಕಾಲೇಜಿನ ಆಡಳಿತಕ್ಕೆ ಅದು ಇಷ್ಟವಿರಲಿಲ್ಲ. ಎರಡೇ ವರ್ಷಗಳಲ್ಲಿ ಶಾಲೆ ಬೇರೆ ಊರಿಗೆ ಹೋಯಿತು. ಹೆಣ್ಣುಮಕ್ಕಳಿಗೆ ಬಾಗಿಲು ತೆರೆದ ಅದೇ ಡ್ಯೂಯಿ ಅವರ ಕೆಟ್ಟ ನಡವಳಿಕೆಯ ಬಗ್ಗೆ ಮಹಿಳೆಯರು ದೂರಿದ್ದೂ ನಿಜ. 2019ರಲ್ಲಿ ಅಮೆರಿಕನ್ ಗ್ರಂಥಾಲಯ ಸಂಘವು ತನ್ನ ಪದಕವೊಂದರಿಂದ ಅವರ ಹೆಸರನ್ನು ತೆಗೆದುಹಾಕಿತು. ಸಂಖ್ಯೆ ಬರೆದವರ ಹೆಸರು ನೂರು ವರ್ಷ ಮೆರೆಯಿತು. ಆ ಸಂಖ್ಯೆಯ ಚೀಟಿಗಳನ್ನು ಒಂದೊಂದಾಗಿ ಅಂಟಿಸುತ್ತ ಬದುಕು ಸವೆಸಿದವರ ಹೆಸರುಗಳನ್ನು ಯಾರು ಬರೆದಿಟ್ಟರು?

ತಾಳ್ಮೆ, ಅಚ್ಚುಕಟ್ಟು, ಮಕ್ಕಳೊಡನೆ ಬೆರೆಯುವ ಗುಣ ಹೆಣ್ಣಿಗೆ ಸಹಜ ಎಂದು ಹೊಗಳಿ, ಸಹಜವಾದ ಗುಣಕ್ಕೆ ಹೆಚ್ಚು ಸಂಬಳವೇಕೆ ಎಂದು ಕೈ ಬಿಗಿಹಿಡಿದರು. ‘ಸೇವೆ’ ಎಂಬ ಪದವನ್ನು ನಾನು ಗೌರವಿಸುತ್ತೇನೆ. ಆದರೆ ಅದೇ ಪದದ ಮರೆಯಲ್ಲಿ ಎಷ್ಟು ದುಡಿಮೆ ಅಗ್ಗವಾಗಿ ಹೋಯಿತು ಎಂದು ನೆನೆದರೆ ಸಂಕಟವಾಗುತ್ತದೆ. 1800ರಲ್ಲಿ ಸ್ಥಾಪನೆಯಾದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಮುಖ್ಯಸ್ಥರ ಕುರ್ಚಿಯಲ್ಲಿ ಮೊದಲ ಬಾರಿಗೆ ಮಹಿಳೆಯೊಬ್ಬರು, ಕಾರ್ಲಾ ಹೇಡನ್, ಕುಳಿತದ್ದು 2016ರಲ್ಲಿ. ಕೆಳಗಿನ ಮೇಜುಗಳಲ್ಲಿ ಹೆಂಗಸರು, ಮೇಲಿನ ಕುರ್ಚಿಯಲ್ಲಿ ಗಂಡಸರು. ಈ ಏರ್ಪಾಡು ಅಷ್ಟು ದೀರ್ಘಕಾಲ ಯಾರ ಕಣ್ಣಿಗೂ ವಿಚಿತ್ರವಾಗಿ ಕಾಣಲಿಲ್ಲ.

ಅಮೆರಿಕದ ಕೆಂಟಕಿಯ ಬೆಟ್ಟಸೀಮೆಯ ಕುದುರೆ ಸವಾರಿಯ ಗ್ರಂಥಪಾಲಕಿಯರ ಹಳೆಯ ಚಿತ್ರಗಳು ಆಗಾಗ ಜಾಲತಾಣಗಳಲ್ಲಿ ಹಂಚಿಕೆಯಾಗುತ್ತವೆ. ನೋಡಿ ಚೆಂದ ಎನ್ನುತ್ತೇವೆ. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, ಬೆಟ್ಟದ ಮನೆಮನೆಗೆ ಪುಸ್ತಕ ತಲುಪಿಸಲು 1935ರಿಂದ 1943ರವರೆಗೆ ನಡೆದ ಸರ್ಕಾರಿ ಯೋಜನೆ ಅದು. ತಿಂಗಳಿಗೆ 28 ಡಾಲರ್ ಸಂಬಳ. ಕುದುರೆಯನ್ನೋ ಹೇಸರಗತ್ತೆಯನ್ನೋ ಅವರೇ ಹೊಂದಿಸಿಕೊಳ್ಳಬೇಕಿತ್ತು. ಸರ್ಕಾರದ ಹಣ ಸಂಬಳಕ್ಕೆ ಮಾತ್ರ. ಪುಸ್ತಕಗಳು ದಾನವಾಗಿ ಬರಬೇಕು. ಬಂದವು ಹರಿದ ಪುಸ್ತಕಗಳು, ಹಳೆಯ ಪತ್ರಿಕೆಗಳು. ಅವನ್ನು ಕತ್ತರಿಸಿ, ಅಂಟಿಸಿ, ಅಡುಗೆಯ ವಿಧಾನ, ಕೌದಿಯ ವಿನ್ಯಾಸಗಳನ್ನೆಲ್ಲ ಸೇರಿಸಿ ಅವರೇ ಹೊಸ ಪುಸ್ತಕಗಳನ್ನು ಮಾಡಿದರು. ಓದಲು ಬಾರದವರ ಮನೆಯಲ್ಲಿ ಕುಳಿತು ಓದಿ ಹೇಳಿದರು. ಆ ಚಿತ್ರವನ್ನು ಮತ್ತೊಮ್ಮೆ ನೋಡಿದರೆ ಕುದುರೆಗಿಂತ ಮೊದಲು ಪುಸ್ತಕ ತುಂಬಿದ ಆ ಚೀಲ ಕಾಣಬೇಕು.

ಇವರಿಗಿಂತ ಮೊದಲೇ ಮೇರಿ ಟಿಟ್‌ಕಂಬ್ ಇದ್ದರು. 1905ರಲ್ಲಿ ಮೇರಿಲ್ಯಾಂಡಿನ ಹೇಗರ್ಸ್‌ಟೌನಿನಿಂದ ಕುದುರೆಗಾಡಿಯಲ್ಲಿ ಪುಸ್ತಕ ತುಂಬಿ ಹಳ್ಳಿಯ ದಾರಿಗೆ ಕಳುಹಿಸಿದವರು. ಕಪ್ಪು ಗಾಡಿಯನ್ನು ಕಂಡ ರೈತನೊಬ್ಬ ಶವದ ಗಾಡಿ ಎಂದು ತಿಳಿದು ಇಲ್ಲಿ ನಿಲ್ಲಿಸಬೇಡಿ ಎಂದನಂತೆ. ಗಾಡಿಯ ಚಕ್ರಗಳಿಗೂ ಬಾಗಿಲಿಗೂ ಕೆಂಪು ಬಣ್ಣ ಬಳಿಸಿದರು. 1910ರಲ್ಲಿ ಗಾಡಿಗೆ ರೈಲು ಡಿಕ್ಕಿ ಹೊಡೆದು ನುಚ್ಚುನೂರಾಯಿತು. 1912ರಲ್ಲಿ ಮೋಟಾರು ಗಾಡಿ ತಂದರು.

ಕೆಲವರಿಗೆ ಈ ಕೆಲಸ ಬಹಳ ದುಬಾರಿಯಾಯಿತು. ಓಕ್ಲಹೋಮಾದ ಬಾರ್ಟಲ್ಸ್‌ವಿಲ್‌ನಲ್ಲಿ 30 ವರ್ಷ ದುಡಿದ ರೂತ್ ಬ್ರೌನ್ ಅವರನ್ನು 1950ರಲ್ಲಿ ಕೆಲಸದಿಂದ ತೆಗೆದರು. ಕಮ್ಯುನಿಸ್ಟ್ ಪತ್ರಿಕೆಗಳನ್ನು ಇಟ್ಟಿದ್ದಾರೆ ಎಂಬುದು ನೆಪ, ಕಪ್ಪು ಜನರ ಸಮಾನತೆಗಾಗಿ ದನಿ ಎತ್ತಿದ್ದು ನಿಜವಾದ ಕಾರಣ.

ಅಲಬಾಮಾದ ಮಾಂಟ್ಗಮರಿಯ ಜೂಲಿಯೆಟ್ ಮಾರ್ಗನ್ ಅವರನ್ನಂತೂ ನಾನು ಮರೆಯಲಾರೆ. ಬಿಳಿಯ ಮನೆತನದ ಹೆಣ್ಣುಮಗಳು, ಗ್ರಂಥಪಾಲಕಿ. ವಿಪರೀತ ಆತಂಕದ ಕಾಯಿಲೆಯಿಂದಾಗಿ ಕಾರು ಓಡಿಸಲಾಗದೆ ಸಿಟಿ ಬಸ್ಸಿನಲ್ಲಿ ಓಡಾಡುತ್ತಿದ್ದರು. ಹಾಗಾಗಿಯೇ ಕಪ್ಪು ಪ್ರಯಾಣಿಕರನ್ನು ಬಸ್ಸಿನವರು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದನ್ನು ಕಣ್ಣಾರೆ ಕಂಡರು. ಮುಂದೆ ಹಣ ಕೊಟ್ಟು, ಕಪ್ಪು ಜನರಿಗಿದ್ದ ಕಟ್ಟಳೆಯಂತೆ ಹಿಂದಿನ ಬಾಗಿಲಿನಿಂದ ಹತ್ತಲು ಇಳಿದ ಕಪ್ಪು ಮಹಿಳೆಯೊಬ್ಬರನ್ನು ಬಿಟ್ಟು ಬಸ್ಸು ಹೊರಟಾಗ ಹಗ್ಗ ಎಳೆದು ನಿಲ್ಲಿಸಿದವರು ಅವರು. ಪತ್ರಿಕೆಗಳಿಗೆ ಪತ್ರ ಬರೆದರು. 1955ರ ಡಿಸೆಂಬರಿನಲ್ಲಿ ಈ ಭೇದಭಾವದ ವಿರುದ್ಧ ಕಪ್ಪು ಜನರ ಬಸ್ ಬಹಿಷ್ಕಾರ ಶುರುವಾದ ಕೆಲವೇ ದಿನಗಳಲ್ಲಿ, ಅದನ್ನು ಗಾಂಧೀಜಿಯವರ ಉಪ್ಪಿನ ಸತ್ಯಾಗ್ರಹಕ್ಕೆ ಹೋಲಿಸಿ ಬರೆದರು. ಬೆದರಿಕೆಗಳು ಬಂದವು. ಅವರನ್ನು ತೆಗೆದುಹಾಕಬೇಕೆಂಬ ಒತ್ತಡ ಬಂತು, ಗ್ರಂಥಾಲಯದ ಆಡಳಿತ ಮಣಿಯಲಿಲ್ಲ. 1957ರ ಜುಲೈಯಲ್ಲಿ ಅವರ ಮನೆಯಂಗಳದಲ್ಲಿ ಶಿಲುಬೆ ಸುಟ್ಟರು, ಕಪ್ಪು ಜನರ ಪರ ನಿಂತವರನ್ನು ಬಿಳಿಯ ವರ್ಣದ್ವೇಷಿಗಳು ಬೆದರಿಸುತ್ತಿದ್ದ ರೀತಿ ಅದು. ಅದರ ಬೆನ್ನಲ್ಲೇ ಅವರು ತಮ್ಮ ಜೀವವನ್ನು ತಾವೇ ಕಳೆದುಕೊಂಡರು. 43 ವರ್ಷ. ಆ ಊರಿನ ಗ್ರಂಥಾಲಯಕ್ಕೆ ಈಗ ಅವರ ಹೆಸರಿದೆ. 2005ರಲ್ಲಿ ಇಟ್ಟದ್ದು. ಇಷ್ಟು ತಡವಾಗಿ ಬಂದ ಗೌರವಕ್ಕೆ ಸಂತೋಷಪಡುವುದೋ ಅಳುವುದೋ ನನಗೆ ತಿಳಿಯುವುದಿಲ್ಲ.

ಕ್ಲಾರಾ ಬ್ರೀಡ್ ಅವರ ಬಗ್ಗೆ ಬರೆಯುವಾಗ ಮನಸ್ಸು ಸ್ವಲ್ಪ ಹಗುರವಾಗುತ್ತದೆ. ಸ್ಯಾನ್ ಡಿಯಾಗೋದಲ್ಲಿ ಮಕ್ಕಳ ಗ್ರಂಥಪಾಲಕಿ. 1942ರಲ್ಲಿ, ಜಪಾನಿನೊಡನೆ ನಡೆಯುತ್ತಿದ್ದ ಯುದ್ಧದ ಕಾರಣ ನೀಡಿ, ಜಪಾನಿ ಮೂಲದ ಕುಟುಂಬಗಳನ್ನು ಅಮೆರಿಕ ಸರ್ಕಾರ ಶಿಬಿರಗಳಿಗೆ ಸಾಗಿಸಿದಾಗ, ತಮ್ಮಲ್ಲಿಗೆ ಬರುತ್ತಿದ್ದ ಮಕ್ಕಳನ್ನು ಬೀಳ್ಕೊಡಲು ಅವರು ರೈಲು ನಿಲ್ದಾಣಕ್ಕೆ ಹೋದರು. ಕೈಯಲ್ಲಿ ಅಂಚೆಚೀಟಿ ಹಚ್ಚಿ ತಮ್ಮದೇ ವಿಳಾಸ ಬರೆದ ಕಾರ್ಡುಗಳಿದ್ದವು. ಮಕ್ಕಳು ಮರುಭೂಮಿಯ ಶಿಬಿರದಿಂದ ಬರೆದರು, ಇವರು ಪುಸ್ತಕ ಕಳುಹಿಸಿದರು, ಸಾಬೂನಿನಂಥ ಸಣ್ಣಪುಟ್ಟ ವಸ್ತುಗಳನ್ನೂ ಕಳುಹಿಸಿದರು. ಆ ಮಕ್ಕಳ ಇನ್ನೂರೈವತ್ತಕ್ಕೂ ಹೆಚ್ಚು ಪತ್ರಗಳನ್ನು ಜೋಪಾನ ಮಾಡಿದ್ದರು. ಅವು ಈಗ ಲಾಸ್ ಏಂಜಲಿಸ್‌ನ ವಸ್ತುಸಂಗ್ರಹಾಲಯದಲ್ಲಿವೆ. ಸರ್ಕಾರದ ಕಡತದಲ್ಲಿ ಕುಟುಂಬ ಸಂಖ್ಯೆಯಾಗಿದ್ದ ಮಕ್ಕಳು ಆ ಪತ್ರಗಳಲ್ಲಿ ಹೆಸರಿಟ್ಟುಕೊಂಡು ಉಳಿದಿದ್ದಾರೆ.

ಪೂರಾ ಬೆಲ್‌ಪ್ರೆ 1921ರಲ್ಲಿ ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯ ಸೇರಿದರು. ಬಾಲ್ಯದಲ್ಲಿ ಕೆರಿಬಿಯನ್ ದ್ವೀಪ ಪೋರ್ಟೊರಿಕೊದಲ್ಲಿ ಕೇಳಿದ ಕಥೆಗಳು ಅಲ್ಲಿನ ಕಪಾಟಿನಲ್ಲಿ ಒಂದೂ ಇರಲಿಲ್ಲ. ತಾವೇ ಹೇಳತೊಡಗಿದರು, ಬೊಂಬೆಗಳನ್ನು ಮಾಡಿ ಆಡಿಸಿದರು, 1932ರಲ್ಲಿ ಅಂಥ ಒಂದು ಕಥೆಯನ್ನು ಅಚ್ಚು ಹಾಕಿಸಿ ಕಪಾಟಿಗೂ ಸೇರಿಸಿದರು. ಚಾರ್ಲ್ಸ್‌ಟನ್‌ನ ಸಿಂಥಿಯಾ ಹರ್ಡ್ 31 ವರ್ಷ ಗ್ರಂಥಾಲಯದಲ್ಲಿ ದುಡಿದು, 2015ರ ಜೂನ್‌ನಲ್ಲಿ ಚರ್ಚಿನಲ್ಲಿ ನಡೆದ ಗುಂಡಿನ ದಾಳಿಯಲ್ಲಿ ಕೊಲೆಯಾದರು. ಮರುದಿನ ಆ ಜಿಲ್ಲೆಯ ಗ್ರಂಥಾಲಯದ ಶಾಖೆಗಳೆಲ್ಲ ಮುಚ್ಚಿದ್ದವು.

ಇಷ್ಟೆಲ್ಲ ಹೆಸರುಗಳನ್ನು ಬರೆದ ಮೇಲೆ ನನ್ನದೊಂದು ಸಾಲ ಹೇಳದಿದ್ದರೆ ತಪ್ಪಾಗುತ್ತದೆ. ನಮ್ಮ ಶಾಲೆಯ ಗ್ರಂಥಪಾಲಕಿಯನ್ನು ನಾವು ‘ಲೈಬ್ರರಿ ಮೇಡಂ’ ಎಂದು ಕರೆಯುತ್ತಿದ್ದೆವು. ಅಮ್ಮ ಕಾಯಿಲೆಯಿಂದ ಮಲಗಿದ್ದ ವರ್ಷ ನನಗೆ ಊಟದ ವಿರಾಮದಲ್ಲಿ ಯಾರ ಜೊತೆಯೂ ಕೂರಲು ಆಗುತ್ತಿರಲಿಲ್ಲ. ಗ್ರಂಥಾಲಯದ ಮೂಲೆಗೆ ಹೋಗಿ ನಿಲ್ಲುತ್ತಿದ್ದೆ. ಮೇಡಂ ಏನನ್ನೂ ಕೇಳಲಿಲ್ಲ. ತಾರೀಖಿನ ಮೊಹರನ್ನು ನನ್ನ ಕೈಗೆ ಕೊಟ್ಟು, ಚೀಟಿಗಳ ಮೇಲೆ ಒತ್ತು ಎಂದರು. ಮರುದಿನವೂ ಕೊಟ್ಟರು. ಮೊಹರು ಒತ್ತುತ್ತಿದ್ದ ಕೈಯ ಪಕ್ಕದಲ್ಲಿ ಪ್ರತಿ ವಾರ ಒಂದು ಹೊಸ ಪುಸ್ತಕ ಇರುತ್ತಿತ್ತು. ಅದು ನನಗೆಂದೇ ತೆಗೆದಿಟ್ಟದ್ದು ಎಂದು ಅರ್ಥವಾಗುವುದಕ್ಕೆ ನನಗೆ ವರ್ಷಗಳೇ ಬೇಕಾದವು. ಆ ಪುಸ್ತಕಗಳ ಲೇಖಕರೆಲ್ಲರ ಹೆಸರು ಇಂದಿಗೂ ಬಾಯಿಪಾಠ. ಮೇಡಂ ಅವರ ಪೂರ್ತಿ ಹೆಸರು ನನಗೆ ಗೊತ್ತಿಲ್ಲ. ಆಗ ಕೇಳಬೇಕೆನಿಸಲಿಲ್ಲ. ಆಮೇಲೆ ಜೊತೆಯಲ್ಲಿ ಓದಿದವರನ್ನೆಲ್ಲ ವಿಚಾರಿಸಿದೆ, ಅವರಿಗೂ ಲೈಬ್ರರಿ ಮೇಡಂ ಎಂದಷ್ಟೇ ನೆನಪು.

ಶಾಲೆ ಬಿಡುವ ವರ್ಷ, ಹಾಳೆಗಳು ಸಡಿಲವಾಗಿ ಇನ್ನು ಎರವಲು ಕೊಡಲಾಗದ ಒಂದು ಪುಸ್ತಕಕ್ಕೆ ‘ರದ್ದು’ ಮೊಹರು ಒತ್ತಿ, ಮೇಡಂ ಅದನ್ನು ನನಗೆ ಕೊಟ್ಟಿದ್ದರು. ಇವತ್ತು ಅದನ್ನು ಮತ್ತೆ ತೆಗೆದು ನೋಡಿದೆ. ಮೊಹರಿನ ಕೆಳಗೆ ನೀಲಿ ಶಾಯಿಯಲ್ಲಿ ಎರಡಕ್ಷರದ ಸಹಿ ಇದೆ. ಮೊದಲನೆಯದು ‘ಸ’. ಎರಡನೆಯದು ‘ವ’ ಇರಬಹುದು, ‘ಪ’ ಇರಬಹುದು. ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದೆ.