‘ಯಾವಾಗಲೂ’ ಅನ್ನಬೇಡಿ ಸರ್

ಪ್ರೊಲಾಗ್ (ತರ್ಕದ ನಿಯಮಗಳಾಗಿ ಬರೆಯುವ ಭಾಷೆ) ಪ್ರೋಗ್ರಾಂ ಓಡಿಸದೆ, ಅದರ ಯಾವ ಆರ್ಗ್ಯುಮೆಂಟಿನಲ್ಲಿ (ಕಂಸದೊಳಗಿನ ಜಾಗದಲ್ಲಿ) ವೇರಿಯಬಲ್, ಅಂದರೆ ಬೆಲೆ ಸಿಗದ ಹೆಸರು, ಉಳಿಯುವುದಿಲ್ಲ ಎಂದು ಹೇಳುವ ವಿಶ್ಲೇಷಣೆ ಯಾವಾಗಲೂ ಬೇಗ ಮುಗಿಯುತ್ತದೆ ಅಂತ ಬರೆದಿದ್ದೀರಿ. ಸಾಮಾನ್ಯವಾಗಿ ಹೌದ್ರಿ, ಯಾವಾಗಲೂ ಅಲ್ಲ. ಕಲಬುರಗಿ ಕಡೆ ಕಾಲೇಜಿನಲ್ಲಿ ಇದನ್ನು ಓದುವವರು ಹಾಳೆ ಮೇಲೆ ಈ ನಾಲ್ಕು ಸಾಲು ಬಿಡಿಸಿ ನೋಡಲಿ. ‘ಪ’ ಸಂಬಂಧದ ಹೆಸರು, ‘ಬೀದರ’ ಸ್ಥಿರಪದ, ಕಂಸದೊಳಗೆ ಉಳಿದವು ವೇರಿಯಬಲ್ (‘_’ ಹೆಸರಿಲ್ಲದ್ದು). ‘:-’ ಅಂದರೆ ಬಲಗಡೆಯದು ನಿಜವಾದರೆ ಎಡಗಡೆಯದೂ ನಿಜ:

ಪ(ಬೀದರ, ಬೀದರ, ಬೀದರ).
ಪ(ಕ, ಖ, _) :- ಪ(ಕ, ಖ, ಬೀದರ).
ಪ(ಕ, ಖ, ಗ) :- ಪ(ಕ, ಗ, ಖ).
ಪ(ಕ, ಖ, ಖ) :- ಪ(ಖ, ಕ, ಕ).

ವೇರಿಯಬಲ್ ಇಲ್ಲದ ಜಾಗಕ್ಕೆ 1, ಇರಬಹುದಾದದ್ದಕ್ಕೆ 0 ಹಾಕಿ. ವಿಶ್ಲೇಷಕ ಎಲ್ಲ ಸಾಲುಗಳನ್ನೂ ಒಮ್ಮೆ ಹಾಕಿ ನೋಡುವುದು ಒಂದು ಸುತ್ತು; ಹೊಸದೇನೂ ಸಿಗದವರೆಗೆ ಸುತ್ತುತ್ತದೆ. ಮೊದಲ ಸುತ್ತಿಗೆ 111. ಹಿಂದಿನ ಸುತ್ತಿನ ಫಲಿತಾಂಶವನ್ನಷ್ಟೇ ಬಳಸಿದರೆ ಆಮೇಲೆ ಸುತ್ತಿಗೊಂದೇ ಹೊಸ 0-1 ಜೋಡಣೆ: 110, 101, 100, 011, 010, 001, 000. ಎರಡನೇ ಸಾಲಿನ ನಿಯಮ ಕೊನೆಯ 1 ಅನ್ನು ಬೀಳಿಸುತ್ತದೆ, ಮೂರನೆಯದು ಕೊನೆಯ 10 ಅನ್ನು 01 ಮಾಡುತ್ತದೆ. 100ರಿಂದ 011ಕ್ಕೆ ಇಳಿಸುವುದು ನಾಲ್ಕನೆಯದು ಮಾತ್ರ. ಅಂದರೆ ವಿಶ್ಲೇಷಕ ಬೈನರಿಯಲ್ಲಿ ಇಳಿಎಣಿಕೆ ಮಾಡುತ್ತಿದೆ! 8 ಸುತ್ತು, ಏನೂ ಬದಲಾಗಿಲ್ಲ ಎಂದು ಖಾತ್ರಿಗೆ ಇನ್ನೊಂದು. ಎಂಟೂ ಜೋಡಣೆ ಸಾಧ್ಯ ಅಂತಾಯಿತು. ಸಿಕ್ಕ ಉತ್ತರ? ‘ಏನೂ ಗೊತ್ತಿಲ್ಲ.’

ಇದೇ ಧಾಟಿಯಲ್ಲಿ 20 ಆರ್ಗ್ಯುಮೆಂಟಿಗೆ 21 ಸಾಲಿನ ಪ್ರೋಗ್ರಾಂ ಸಾಕು, ಸುತ್ತು 10,48,576. ಬಿಡಿಡಿ (ಬೈನರಿ ಡಿಸಿಷನ್ ಡಯಾಗ್ರಾಂ, 0-1 ಸೂತ್ರಗಳನ್ನು ಅಡಕವಾಗಿ ಇಡುವ ಚಿತ್ರರಚನೆ) ಹಾಕಿದರೆ ಈ ಜೋಡಣೆಗಳನ್ನು ಹೇಳುವ ಬೂಲಿಯನ್ ಸೂತ್ರ ಚಿಕ್ಕದಾಗಬಹುದು, ಸುತ್ತು ಕಡಿಮೆಯಾಗುವುದಿಲ್ಲ. ಸುತ್ತುಗಳ ಸಂಖ್ಯೆಗೆ ಒಂದು ಮಿತಿ ಇಟ್ಟು, ದಾಟಿದರೆ ನೇರ ‘ಗೊತ್ತಿಲ್ಲ’ಕ್ಕೆ ಹಾರಿಸುವುದೇ ವಾಸಿ. ಇಲ್ಲಿ ಅದರಿಂದ ನಿಖರತೆಯೂ ಹೋಗುವುದಿಲ್ಲ. ಬೇರೆ ಪ್ರೋಗ್ರಾಂಗಳಲ್ಲಿ ಹೋಗಬಹುದು, ಹಾಗಾಗಿ ಮಿತಿಯನ್ನು ತೀರಾ ಕೆಳಗೆ ಇಡಬಾರದು.